ಕಬ್ಬಿನೊಳಗ ಬಿದ್ದ ಗ್ಲೈಡರ್

1/10

ಮೊದಲನೇ ಫೋಟೋ ನೋಡ್ರಿ. ಬರೀ ಕಬ್ಬು ಕಾಣ್ತದ, ಹೌದಿಲ್ಲೋ? ಜೂಮ್ ಮಾಡಿದರೂ ಕಬ್ಬೇ. ಈ ಫೋಟೋದೊಳಗೆ ಎಲ್ಲೋ ಒಂದು ಕಡೆ ಎರಡು ಮೀಟರ್ ರೆಕ್ಕೆಯ ನನ್ನ ಗ್ಲೈಡರ್ ಬಿದ್ದಿತ್ತು. ಅದನ್ನು ಹುಡುಕಲು ಎರಡು ದಿನ ಬೇಕಾಯಿತು. ಕೊನೆಗೆ ಹುಡುಕಿದ್ದೂ ನಾನಲ್ಲ.

ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವರಿಗೆ ಕಬ್ಬು ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಬ್ಯಾರೆ ಊರಿನ ಫಾಲೋವರ್ಸ್‌ಗೆ ಒಂದೇ ಮಾತು: ಬೆಳೆದ ಕಬ್ಬಿನ ಒಳಗೆ ನಿಂತರೆ ಎರಡು ಸಾಲು ಆಚೆ ನಿಂತ ಮನುಷ್ಯನೇ ಕಾಣೋದಿಲ್ಲ. ಇನ್ನು ಥರ್ಮೋಕೋಲಿನಂಥ ಫೋಮ್‌ನಲ್ಲಿ ಮಾಡಿದ ವಿಮಾನ ಎಲ್ಲಿ ಕಾಣಬೇಕು?

"ಗ್ಲೈಡರ್ ಕಳೀತಂತಲ್ಲೋ, ಸಿಕ್ತೇನು?" ಅಂತ ಕ್ಲಾಸಿನಲ್ಲಿ ಎಲ್ಲರೂ ಕೇಳಿದಿರಿ. ಸಿಕ್ತು ಅಂತ ಹೇಳಿ ಸುಮ್ಮನಾದೆ. ಪೂರ್ತಿ ಕಥೆ ಹೇಳಲಿಲ್ಲ. ಯಾಕಂದ್ರೆ ಆ ಕಥೆಯೊಳಗೆ ನಾನು ಹೀರೋ ಅಲ್ಲ. ಈಗ ಹೇಳ್ತೀನಿ. ನಿಮ್ಮಲ್ಲಿ ಮೂರು-ನಾಲ್ಕು ಮಂದಿ ಹೊಸದಾಗಿ ಮಾಡೆಲ್ ಹಾರಿಸಲು ಶುರು ಮಾಡಿದ್ದೀರಿ. ನಾನು ಮಾಡಿದ ತಪ್ಪನ್ನೇ ನೀವು ಮಾಡಬಾರದು ಅಂತ.

ಉದ್ದ ಅದ. ಹತ್ತು ಪೋಸ್ಟ್. ಒಂದೊಂದಾಗಿ ಓದ್ರಿ.

2/10

ಗ್ಲೈಡರ್ ಅಂದ್ರೆ ಡ್ರೋನ್ ಅಲ್ಲ. ಡ್ರೋನ್ ನಾಲ್ಕು ಮೋಟಾರಿನ ಮೇಲೆ ನಿಂತಿರ್ತದೆ, ಮೋಟಾರು ನಿಂತರೆ ಕಲ್ಲಿನಂತೆ ಬೀಳ್ತದೆ. ಗ್ಲೈಡರ್ ರೆಕ್ಕೆಯ ಮೇಲೆ ತೇಲ್ತದೆ. ನನ್ನದಕ್ಕೆ ಮೂತಿಯಲ್ಲಿ ಒಂದು ಸಣ್ಣ ಮೋಟಾರು ಉಂಟು. ಅರ್ಧ ನಿಮಿಷ ಮೋಟಾರು ಹಾಕಿ ಮೇಲೆ ಏರಿಸೋದು, ಬಂದ್ ಮಾಡೋದು. ಆಮೇಲೆ ಗಾಳಿಯದೇ ಕೆಲಸ.

ಮಧ್ಯಾಹ್ನ ಎರಿ ಹೊಲ ಕಾಯ್ತದಲ್ಲ, ಅದರ ಮೇಲಿನ ಗಾಳಿ ಬಿಸಿಯಾಗಿ ಮೇಲಕ್ಕೆ ಏಳ್ತದೆ. ಪಕ್ಕದ ನೀರು ಹಾಯಿಸಿದ ಕಬ್ಬಿನ ತೋಟ ತಂಪಾಗಿರ್ತದೆ, ಅಲ್ಲಿ ಗಾಳಿ ಏಳೋದಿಲ್ಲ. ಇದನ್ನು ನೋಡಿ ಕಲಿಯಲು ಹದ್ದುಗಳೇ ಮಾಸ್ತರು. ಹದ್ದು ರೆಕ್ಕೆ ಬಡಿಯದೆ ಸುತ್ತು ಹಾಕಾಕತ್ತಿದ್ರೆ ಅಲ್ಲಿ ಬಿಸಿಗಾಳಿ ಏಳಾಕತ್ತೈತಿ ಅಂತ ಅರ್ಥ. ಅದರ ಹತ್ತಿರ ಗ್ಲೈಡರ್ ಒಯ್ದು ಸುತ್ತಿಸಿದರೆ ಅದೂ ಮೇಲೇರ್ತದೆ. ಒಮ್ಮೊಮ್ಮೆ ಅರ್ಧ ತಾಸು ಮೋಟಾರು ಹಾಕೋದೇ ಬೇಡ.

ಇಲ್ಲೇ ಮೋಸ ಇರೋದು. ಮೋಟಾರಿನ ಸದ್ದಿಲ್ಲ, ಎಲ್ಲಾ ಶಾಂತ. ಬ್ಯಾಟರಿ ಖರ್ಚಾಗ್ತಾನೇ ಇಲ್ಲ ಅನ್ನಿಸ್ತದೆ. ಆದರೆ ಒಳಗೆ ರಿಸೀವರ್ ಎಚ್ಚರ ಇರ್ತದೆ. ಬಾಲವನ್ನು, ರೆಕ್ಕೆಯ ಪಟ್ಟಿಯನ್ನು ತಿರುಗಿಸೋ ಸರ್ವೋಗಳು ಕ್ಷಣಕ್ಕೊಮ್ಮೆ ಅಲುಗಾಡ್ತಾವೆ. ಅವೆಲ್ಲ ಬ್ಯಾಟರಿಯನ್ನೇ ತಿನ್ನೋದು. ರೆಕ್ಕೆ ಗಾಳಿಯ ಮೇಲೆ ತೇಲ್ತದೆ, ನಿಮ್ಮ ಕೈಯ ಮಾತು ಮಾತ್ರ ಬ್ಯಾಟರಿಯ ಮೇಲೆ ನಡೀತದೆ. ಬ್ಯಾಟರಿ ಸತ್ತರೆ ಗ್ಲೈಡರ್ ತಕ್ಷಣ ಬೀಳೋದಿಲ್ಲ. ನಿಮ್ಮ ಮಾತು ಕೇಳದೆ ತನಗೆ ತೋಚಿದ ಕಡೆ ಹೋಗ್ತದೆ.

ಇದು ನನಗೆ ಮೊದಲು ಗೊತ್ತಾಗಿದ್ದು ಬೀಳಗಿ ಕಡೆಯ ಒಂದು ಗುಡ್ಡದ ಮೇಲೆ.

3/10

ಅದು ನನ್ನ ಮೊದಲನೇ ಗ್ಲೈಡರ್. ಮೋಟಾರೇ ಇರಲಿಲ್ಲ. ಆಷಾಢದ ಗಾಳಿ. ಆ ತಿಂಗಳಿನಲ್ಲಿ ಪಶ್ಚಿಮದಿಂದ ಗಾಳಿ ಹೆಂಗ ಬೀಸ್ತದ ಅಂತ ನಿಮಗೂ ಗೊತ್ತು, ಬೈಕೇ ಪಕ್ಕಕ್ಕೆ ಸರೀತದ. ಆ ಗಾಳಿ ಗುಡ್ಡಕ್ಕೆ ಬಡಿದು ಮೇಲಕ್ಕೆ ತಿರುಗ್ತದೆ. ಗುಡ್ಡದ ಅಂಚಿನಲ್ಲಿ ನಿಂತು ಗ್ಲೈಡರನ್ನು ಗಾಳಿಗೆ ಎದುರಾಗಿ ಎಸೆದರೆ ಸಾಕು, ಅದು ಅಲ್ಲೇ ತೇಲ್ತಾ ನಿಲ್ತದೆ.

ಒಳಗೆ ಇದ್ದದ್ದು ನಾಲ್ಕು ಪೆನ್ಸಿಲ್ ಸೆಲ್ಲಿನ ರೀಚಾರ್ಜ್ ಪ್ಯಾಕ್. ನಿಕಲ್ ಮೆಟಲ್ ಹೈಡ್ರೈಡ್, 4.8 ವೋಲ್ಟ್. ಮೇಲೆ 2000 ಎಂಎಎಚ್ ಅಂತ ಬರೆದಿತ್ತು. ನಾನು ಅದನ್ನು ನಂಬಿದೆ. ಎರಡು ಸರ್ವೋ, ಒಂದು ರಿಸೀವರ್, ಸರಾಸರಿ 200 ಮಿಲಿಆಂಪ್ ತಿಂದರೂ ಹತ್ತು ತಾಸು ಬರಬೇಕು ಅಂತ ಲೆಕ್ಕ ಹಾಕಿದ್ದೆ. ಹಾರಿಸುವ ಮೊದಲು ಮೀಟರ್ ಇಟ್ಟು ನೋಡಿದರೆ ಸರಿಯಾಗೇ ತೋರಿಸ್ತು.

ಆ ದಿನ ಬೆಳಗ್ಗೆ ಎರಡು ತಾಸು ಹಾರಿಸಿದ್ದೆ. ಮಧ್ಯಾಹ್ನ ರೊಟ್ಟಿ ತಿಂದು ಮತ್ತೆ ಎಸೆದೆ. ಮುಕ್ಕಾಲು ತಾಸು ಚೆಂದ ಹಾರಿತು. ಎಡಕ್ಕೆ ತಿರುಗಿಸಿದೆ, ತಿರುಗಲಿಲ್ಲ. ಮತ್ತೊಮ್ಮೆ ಒತ್ತಿದೆ. ಇಲ್ಲ. ಗ್ಲೈಡರ್ ತನ್ನ ಪಾಡಿಗೆ ದೊಡ್ಡದೊಂದು ಸುತ್ತು ಹಾಕಿ, ಗುಡ್ಡದ ಹಿಂದಿನ ಇಳಿಜಾರಿನ ಕಡೆ ಹೋಗಿ, ಜಾಲಿ ಕಂಟಿಯೊಳಗೆ ಇಳಿಯಿತು.

ನಾನೇನು ಮಾಡಿದೆ? ಓಡಿದೆ. ರಿಮೋಟ್ ಕೈಯಲ್ಲಿ ಹಿಡಿದುಕೊಂಡೇ ಓಡಿದೆ. ಕೆಳಗೆ ಇಳಿದ ಮೇಲೆ ಎಲ್ಲಾ ಕಂಟಿ ಒಂದೇ ಥರ ಕಾಣಿಸಿದವು. ಮೇಲಿಂದ ನೋಡಿದ ಜಾಗ ಕೆಳಗೆ ಬಂದ ಮೇಲೆ ಇರಲೇ ಇಲ್ಲ.

4/10

ಒಂದು ತಾಸು ಹುಡುಕಿ, ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು, ಕೂತಿದ್ದೆ. ಗುಡ್ಡದ ಮೇಲಿಂದ ಯಾರೋ ಸಿಳ್ಳೆ ಹಾಕಿದರು. ನೋಡಿದರೆ ಕುರಿ ಕಾಯುವ ಅಜ್ಜ. ನಾನು ಹಾರಿಸ್ತಿದ್ದ ಜಾಗದಲ್ಲೇ ನಿಂತಿದ್ದರು.

ಹತ್ತಿ ಹೋದೆ. ಅಜ್ಜನ ಬಡಿಗೆ ನೆಲದ ಮೇಲೆ ಮಲಗಿತ್ತು.

"ತಮ್ಮಾ, ನೀ ಯಾಕ ಓಡಿದಿ? ಬಿದ್ದದ್ದ ನೋಡಿದ ಮ್ಯಾಲ ಕಾಲ ಕಿತ್ತಬಾರದು. ಬಡಿಗಿ ನೋಡು. ಅದರ ತುದಿ ಎಲ್ಲಿ ಹೊಕ್ಕೈತಿ?"

ಬಡಿಗೆಯ ನೇರಕ್ಕೆ ದೂರದಲ್ಲಿ ಒಂದು ಬೇವಿನ ಗಿಡ ಇತ್ತು.

"ಆ ಬೇವಿನ ಗಿಡಾ ಕಣ್ಣಾಗ ಇಟ್ಕೊಂಡ ಹೋಗು. ಆಚೀಚೆ ಸರೀಬ್ಯಾಡ. ಅದರ ಈಚೆ ಸಿಗತೈತಿ. ನಾ ಇಲ್ಲೇ ನಿಂತಿರ್ತೀನಿ. ನೀ ತಪ್ಪಿದರ ಸಿಳ್ಳಿ ಹಾಕ್ತೀನಿ."

ಹತ್ತು ನಿಮಿಷ. ಬಡಿಗೆಯ ಗೆರೆಯಿಂದ ನಾಲ್ಕು ಹೆಜ್ಜೆ ಬಲಕ್ಕೆ ಸಿಕ್ಕಿತು. ಅಜ್ಜನ ಮರಿಗಳು ಕಂಟಿಯೊಳಗೆ ತಪ್ಪಿಸಿಕೊಂಡಾಗ ಅವರು ಹುಡುಕೋದು ಹಿಂಗೇ ಅಂತೆ. ಬಿದ್ದ ಜಾಗ ನೆನಪಿಡೋದು ಕಷ್ಟ, ಬಿದ್ದ ದಿಕ್ಕು ನೆನಪಿಡೋದು ಸುಲಭ.

ಆಮೇಲೆ ಕಾಲೇಜಿನಲ್ಲಿ ಸರ್ವೆ ಪಾಠದಲ್ಲಿ ಬೇರಿಂಗ್ ಅಂತ ಬಂತಲ್ಲ, ನೀವೆಲ್ಲ ನಿದ್ದೆ ಮಾಡ್ತಿದ್ದಿರಿ, ನನಗೆ ಮಾತ್ರ ಅಜ್ಜನ ಬಡಿಗೆ ನೆನಪಾಗ್ತಿತ್ತು. ಒಂದು ಜಾಗದಿಂದ ಒಂದು ಗೆರೆ. ಬೇರೆ ಜಾಗದಲ್ಲಿ ನಿಂತ ಗೆಳೆಯನಿಂದ ಇನ್ನೊಂದು ಗೆರೆ. ಎರಡೂ ಎಲ್ಲಿ ಕೂಡ್ತಾವೋ ಅಲ್ಲಿ ವಿಮಾನ.

5/10

ಮನೆಗೆ ಬಂದು ಆ ಪ್ಯಾಕ್ ಚಾರ್ಜಿಗೆ ಹಾಕಿದೆ. ಎಷ್ಟು ತುಂಬಿತು ಅಂತ ಚಾರ್ಜರ್ ತೋರಿಸ್ತದೆ. 600ರ ಹತ್ತಿರ ಬಂದು ನಿಂತುಬಿಟ್ಟಿತು. ಮೇಲೆ ಬರೆದದ್ದು 2000, ಒಳಗೆ ಹಿಡಿಯೋದು 600. ಹಳೇ ಪ್ಯಾಕ್, ನನಗಿಂತ ಮುಂಚೆ ಯಾರೋ ಬಳಸಿದ್ದು.

ಮೀಟರ್ ಯಾಕೆ ಸುಳ್ಳು ಹೇಳಿತು? ಸುಳ್ಳು ಹೇಳಲಿಲ್ಲ, ನಾನು ಕೇಳಿದ ಪ್ರಶ್ನೆಯೇ ತಪ್ಪು. ಈ ಜಾತಿಯ ಸೆಲ್ಲು ತುಂಬಿದಾಗಿಂದ ಬಹುತೇಕ ಖಾಲಿ ಆಗೋವರೆಗೆ 1.2 ವೋಲ್ಟಿನ ಆಸುಪಾಸಿನಲ್ಲೇ ಇರ್ತದೆ, ಕೊನೆಗೆ ಒಮ್ಮೆಲೇ ಕುಸೀತದೆ. ಹಂಗಾಗಿ ಸುಮ್ಮನೆ ಇಟ್ಟ ಸೆಲ್ಲಿನ ವೋಲ್ಟ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲಿಕ್ಕೆ ಆಗೋದಿಲ್ಲ. ಪ್ರತಿ ಸಲ ಚಾರ್ಜ್ ಆದಾಗ ಎಷ್ಟು ಎಂಎಎಚ್ ಒಳಗೆ ಹೋಯಿತು ಅಂತ ಬರೆದಿಡಬೇಕು. ಎಷ್ಟು ಹೊತ್ತು ಹಾರಿಸಿದೆ ಅಂತಾನೂ ಬರೆಯಬೇಕು. ಎರಡು ವಾರದಲ್ಲಿ ನಿಮ್ಮ ಪ್ಯಾಕಿನ ನಿಜವಾದ ಹೊಟ್ಟೆ ಎಷ್ಟು ಅಂತ ಗೊತ್ತಾಗ್ತದೆ.

ಈಗ ನಾವು ಹೆಚ್ಚಾಗಿ ಬಳಸೋದು ಲಿಪೊ, ಅಂದ್ರೆ ಲಿಥಿಯಂ ಪಾಲಿಮರ್. ಇದರ ವೋಲ್ಟ್ ಸ್ವಲ್ಪ ಹೆಚ್ಚು ಮಾತಾಡ್ತದೆ:

🔋 ಪೂರ್ತಿ ತುಂಬಿದಾಗ ಒಂದು ಸೆಲ್ಲಿಗೆ 4.2 ವೋಲ್ಟ್
🔋 ವಾರಗಟ್ಟಲೆ ಎತ್ತಿಡೋದಿದ್ರೆ 3.8ರ ಸುತ್ತ
🔋 ಸುಮ್ಮನೆ ಇಟ್ಟಾಗ 3.5 ತೋರಿಸಿದ್ರೆ ಖಾಲಿ ಅಂತ ತಿಳೀರಿ
🔋 3.0ಕ್ಕಿಂತ ಕೆಳಗೆ ಹೋದರೆ ಸೆಲ್ಲು ಕೆಟ್ಟಿತು, ಮತ್ತೆ ಚಾರ್ಜ್ ಮಾಡಲು ಹೋಗಬೇಡ್ರಿ

ಮೋಟಾರು ಓಡುವಾಗ ವೋಲ್ಟ್ ಕುಗ್ಗಿ, ನಿಲ್ಲಿಸಿದಾಗ ಮತ್ತೆ ಏರ್ತದೆ. ಅದಕ್ಕೆ ನೋಡುವಾಗ ಮೋಟಾರು ಓಡ್ತಿತ್ತೋ ಇಲ್ಲವೋ ಅನ್ನೋದೂ ಲೆಕ್ಕಕ್ಕೆ ಬರಬೇಕು. ಸಣ್ಣ ಬಝರ್ ಸಿಗ್ತದೆ, ಬ್ಯಾಲೆನ್ಸ್ ಪ್ಲಗ್ಗಿಗೆ ಚುಚ್ಚಿದರೆ ಯಾವುದೇ ಒಂದು ಸೆಲ್ಲು ಕೆಳಗೆ ಇಳಿದರೂ ಚೀರ್ತದೆ. ಆದರೆ ಗ್ಲೈಡರ್ ಮೇಲೆ ಇದ್ದಾಗ ಅದರ ಚೀರಾಟ ನಿಮಗೆ ಕೇಳೋದಿಲ್ಲ. ಟೆಲಿಮೆಟ್ರಿ ಇರೋ ರಿಸೀವರ್ ಹಾಕಿದರೆ ವೋಲ್ಟ್ ನೇರ ನಿಮ್ಮ ರಿಮೋಟಿಗೇ ಬರ್ತದೆ. ನಾನು ಎರಡನೇ ಗ್ಲೈಡರಿಗೆ ಅದನ್ನೇ ಹಾಕಿಸಿದೆ.

ಇಷ್ಟೆಲ್ಲ ಕಲಿತೆ, ಇನ್ನು ಕಳೆಯೋದಿಲ್ಲ ಅಂದುಕೊಂಡೆ 😅

6/10

ಜನವರಿ, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ. ಜಮಖಂಡಿ-ಬನಹಟ್ಟಿ ನಡುವೆ ಖಾಲಿ ಬಿದ್ದ ಒಂದು ಹೊಲ. ನಾನು, ಮತ್ತೆ ನಿಮಗೆಲ್ಲ ಗೊತ್ತಿರೋ ನಮ್ಮ ಗೆಳೆಯ. ಹೆಸರು ಹಾಕಬ್ಯಾಡ ಅಂದಾನ.

ಬಿಸಿಗಾಳಿ ಸಿಕ್ಕಿತು. ಎರಡು ಹದ್ದು, ಅವುಗಳ ಜೊತೆ ನನ್ನ ಗ್ಲೈಡರ್. ಮೇಲೆ, ಇನ್ನೂ ಮೇಲೆ. ಖುಷಿಯೊಳಗೆ ನನಗೆ ಇಳಿಸಬೇಕು ಅಂತ ಹೊಳೆಯಲೇ ಇಲ್ಲ. ಆಕಾಶ ಬೆಳ್ಳಗಿತ್ತು. ತೆಳುವಾದ ರೆಕ್ಕೆ ಪಕ್ಕದಿಂದ ಕಾಣೋದಿಲ್ಲ, ಒಂದು ಗೆರೆಯಂತೆ ಆಗಿ ಮಾಯವಾಗ್ತದೆ. ಒಂದು ಸಲ ಹಿಂಗೆ ಮಾಯವಾದದ್ದು ಮತ್ತೆ ಕಂಡಾಗ ಅದು ನನ್ನ ಕಡೆ ಬರ್ತಿದೆಯೋ ದೂರ ಹೋಗ್ತಿದೆಯೋ ತಿಳಿಯಲಿಲ್ಲ. ತಪ್ಪು ಕಡೆ ತಿರುಗಿಸಿದೆ. ಮೂತಿ ಕೆಳಗೆ ಮಾಡಿ ವೇಗವಾಗಿ ಇಳಿಯಿತು. ಕಬ್ಬಿನೊಳಗೆ ಹೋಯಿತು. ಸದ್ದು ಕೂಡ ಕೇಳಲಿಲ್ಲ.

ಈ ಸಲ ಓಡಲಿಲ್ಲ. ನಿಂತ ಜಾಗದಲ್ಲೇ ನಿಂತು, ಕಬ್ಬಿನ ಹಿಂದೆ ದೂರದಲ್ಲಿ ಕಾಣ್ತಿದ್ದ ಸಕ್ಕರೆ ಫ್ಯಾಕ್ಟರಿ ಚಿಮಣಿಗೆ ಗೆರೆ ಹಿಡಿದೆ. ಫೋನಿನ ದಿಕ್ಸೂಚಿ ನೋಡಿ ಬರೆದುಕೊಂಡೆ. ಗೆಳೆಯ ಪಂಪ್‌ಸೆಟ್ ಮನೆ ಹತ್ತಿರ ಇದ್ದ. ಅವನೂ ಗೆರೆ ಹಿಡಿದ. ಎರಡನೇ ಫೋಟೋದಾಗ ನಾವು ನಕ್ಷೆಯ ಮೇಲೆ ಎಳೆದ ಗೆರೆಗಳು ಅದಾವ.

ಸುಮಾರು 400 ಮೀಟರ್ ದೂರ. ಫೋನಿನ ದಿಕ್ಸೂಚಿ ಐದು ಡಿಗ್ರಿ ತಪ್ಪಿದರೆ ಅಷ್ಟು ದೂರದಲ್ಲಿ 35 ಮೀಟರ್ ಆಚೀಚೆ ಆಗ್ತದೆ. ಬಯಲಿನಲ್ಲಿ 35 ಮೀಟರ್ ಏನೂ ಅಲ್ಲ. ಕಬ್ಬಿನೊಳಗೆ ಅದು ಇಪ್ಪತ್ತಕ್ಕೂ ಹೆಚ್ಚು ಸಾಲು.

ರಿಮೋಟ್ ಪರದೆ ಮೇಲೆ ಕೊನೆಯದಾಗಿ ಬಂದ ಅಂಕಿ 11.5 ವೋಲ್ಟ್. ಮೂರು ಸೆಲ್ಲು, ಒಂದಕ್ಕೆ 3.8. ಅಂದ್ರೆ ಇನ್ನೂ ಅರ್ಧದಷ್ಟು ಉಳಿದಿದೆ. ಅದರ ಕೆಳಗೆ: ಟೆಲಿಮೆಟ್ರಿ ಲಾಸ್ಟ್.

7/10

ಇಲ್ಲಿ ಸ್ವಲ್ಪ ನಿಲ್ರಿ. ಈ ಎರಡು ಸಾಲನ್ನು ಸರಿಯಾಗಿ ಓದಿದ್ದರೆ ಮುಂದಿನದು ಆಗ್ತಿರಲಿಲ್ಲ.

ನಾನು ಹಿಂಗೆ ಲೆಕ್ಕ ಹಾಕಿದೆ. 1300 ಎಂಎಎಚ್ ಬ್ಯಾಟರಿ, ಅರ್ಧ ಉಳಿದಿದ್ರೆ 650. ಬಿದ್ದಲ್ಲಿ ಸುಮ್ಮನೆ ಇದ್ದರೂ ರಿಸೀವರ್, ಸರ್ವೋ ಸೇರಿ 100 ಮಿಲಿಆಂಪ್ ತಿಂತಾವೆ. ಆರೂವರೆ ತಾಸು. ಅಂದ್ರೆ ರಾತ್ರಿ ಒಂಬತ್ತೂವರೆವರೆಗೆ ಗ್ಲೈಡರ್ ಜೀವಂತ. ಅಷ್ಟರೊಳಗೆ ಹುಡುಕಬೇಕು. ಉಳಿದ ಬ್ಯಾಟರಿಯೇ ನಮಗೆ ಉಳಿದ ಸಮಯ. ಈ ಲೆಕ್ಕ ಕಲೀರಿ, ಬಹಳ ಉಪಯೋಗ. ಅದಕ್ಕೇ ಮೂರನೇ ಒಂದು ಪಾಲು ಬ್ಯಾಟರಿ ಉಳಿಸಿಯೇ ಇಳಿಸಬೇಕು ಅನ್ನೋದು.

ಜೀವಂತ ಇದ್ದರೆ ಹುಡುಕೋದು ಹೆಂಗ?

📡 ಮೊದಲು ಮೋಟಾರಿನ ಕಡ್ಡಿ ಸೊನ್ನೆಗೆ. ಕಬ್ಬಿನ ಎಲೆಗೆ ಸಿಕ್ಕ ಮೋಟಾರು ತಿರುಗಲು ಹೋದರೆ ಸುಡ್ತದೆ.

📡 ಟೆಲಿಮೆಟ್ರಿಯ ಸಿಗ್ನಲ್ ಅಂಕಿ ನೋಡ್ತಾ, ರಿಮೋಟನ್ನು ಎದೆಗೆ ಹಿಡಿದು ನಿಧಾನಕ್ಕೆ ಸುತ್ತ ತಿರುಗ್ರಿ. ನಿಮ್ಮ ಮೈ ರಿಮೋಟಿಗೂ ವಿಮಾನಕ್ಕೂ ನಡುವೆ ಬಂದಾಗ ಅಂಕಿ ಇಳೀತದೆ. ಆಗ ವಿಮಾನ ನಿಮ್ಮ ಬೆನ್ನ ಹಿಂದೆ.

📡 2.4 ಗಿಗಾಹರ್ಟ್ಸ್ ತರಂಗಕ್ಕೆ ನೀರು ತುಂಬಿದ ಎಲೆ ಅಂದ್ರೆ ಗೋಡೆ ಇದ್ದಂಗ. ಪಂಪ್‌ಸೆಟ್ ಮನೆ ಮಾಳಿಗೆಯಂಥ ಎತ್ತರಕ್ಕೆ ಹತ್ತಿ ನೋಡ್ರಿ.

📡 ಬಝರ್ ಇದ್ದರೆ ರಾತ್ರಿ ಅಥವಾ ನಸುಕಿನಲ್ಲಿ ಹೋಗ್ರಿ. ಗಾಳಿ ಇದ್ರೆ ಕಬ್ಬಿನ ಗರಿಯ ಸದ್ದೇ ಎಲ್ಲಾ ನುಂಗ್ತದೆ. ತ್ರೀ ಫೇಸ್ ಕರೆಂಟ್ ಹೋಗಿ ಮೋಟಾರುಗಳು ನಿಂತ ಹೊತ್ತು ಬಹಳ ಒಳ್ಳೇದು 😄

ನಾವು ಇದೆಲ್ಲ ಮಾಡಿದೆವು. ಒಂದು ಅಂಕಿಯೂ ಬರಲಿಲ್ಲ, ಒಂದು ಬೀಪೂ ಇಲ್ಲ. ಕಬ್ಬು ತಡೆದಿರಬೇಕು ಅಂದುಕೊಂಡೆ.

ತಪ್ಪು. ಎಲೆ ತಡೆದರೆ, ದೂರ ಹೆಚ್ಚಾದರೆ, ಸಿಗ್ನಲ್ ಇಳೀತಾ ಇಳೀತಾ ಹೋಗ್ತದೆ. ನನ್ನದು ಗಟ್ಟಿಯಾಗಿ ಇದ್ದದ್ದು ಒಂದೇ ಕ್ಷಣಕ್ಕೆ ಕಟ್ ಆಗಿತ್ತು. ಅದರ ಅರ್ಥ ಒಂದೇ: ಬಿದ್ದ ಹೊಡೆತಕ್ಕೆ ಬ್ಯಾಟರಿ ಕಳಚಿ ಹೊರಗೆ ಹಾರಿದೆ. ಬಝರೂ ಅದೇ ಬ್ಯಾಟರಿ ಮೇಲೆ ನಡೆಯೋದು, ಅದೂ ಮೂಕ. ಮತ್ತು ಆ ಅರ್ಧ ತುಂಬಿದ ಲಿಪೊ, ಹೊಡೆತ ತಿಂದದ್ದು, ಯಾರದೋ ತೋಟದಲ್ಲಿ ಒಣ ರವದಿಯ ಮೇಲೆ ಒಂದೇ ಬಿದ್ದಿದೆ.

ಇದು ನನಗೆ ಹೊಳೆದದ್ದು ಎರಡು ದಿನ ಆದ ಮೇಲೆ.

8/10

ತೋಟದ ಕಾಕಾ ಒಳ್ಳೆಯವರು. ಮೊದಲು ಸಿಟ್ಟಿಗೆದ್ದರು. ನ್ಯಾಯವೇ. ಕೇಳದೆ ಒಳಗೆ ಹೊಕ್ಕಿದ್ದೆವು.

"ಏ ಹುಡುಗೂರ್ಯಾ, ಯಾರ ನೀವು? ಡ್ರೋನ್ ಬಿಟ್ಟ ಏನ್ ಫೋಟೋ ಹೊಡ್ಯಾಕತ್ತೀರಿ?"

"ಇಲ್ರಿ ಕಾಕಾ, ಕ್ಯಾಮೆರಾ ಇಲ್ರಿ ಅದರಾಗ. ಆಟದ ವಿಮಾನ್ರಿ. ಕಾಲೇಜಿನವ್ರು ನಾವು."

"ಆಟದ್ದಾದ್ರ ಆಟದ ಬೈಲಾಗ ಆಡ್ರಿ. ಹಾವು ಮುಟ್ಟಿದ್ರ ನಿಮ್ಮಪ್ಪಗ ನಾ ಏನ್ ಹೇಳ್ಲಿ?"

ಆಮೇಲೆ ತಾವೇ ಶನಿವಾರ ಬೆಳಗ್ಗೆ ಬರಲು ಹೇಳಿದರು. ಬೂಟು, ತುಂಬುತೋಳಿನ ಅಂಗಿ ಹಾಕಿಕೊಂಡು ಹೋದೆವು. ಕಬ್ಬಿನ ಗರಿಯ ಅಂಚು ಬ್ಲೇಡಿನಂಥದು ಅಂತ ಶುಕ್ರವಾರವೇ ಕೈ ಕುತ್ತಿಗೆ ಎರಡೂ ಕಲಿತಿದ್ದವು.

ನಮ್ಮ ಮನೆಯಲ್ಲಿ ಎರಡು ಪವರ್‌ಲೂಮ್ ಮಗ್ಗ ಅಂತ ನಿಮಗೆ ಗೊತ್ತು. ಅಪ್ಪನನ್ನು ಕೇಳಿ ಕೆಂಪು ನೂಲಿನ ಒಂದು ಉಳಿಕೆ ಕೋನ್ ಒಯ್ದಿದ್ದೆ. ಹುಡುಕಿ ಮುಗಿದ ಪ್ರತಿ ಸಾಲಿನ ತುದಿಗೆ ಒಂದು ಗೇಣು ನೂಲು ಕಟ್ಟೋದು. ಕಬ್ಬಿನೊಳಗೆ ಹೋದವರಿಗೆ ಯಾವ ಸಾಲು ಮುಗೀತು, ಯಾವುದು ಉಳೀತು ಗೊತ್ತಾಗೋದಿಲ್ಲ. ನೂಲು ಇದ್ದರೆ ಗೊಂದಲ ಇಲ್ಲ. ಮೂರನೇ ಫೋಟೋದ ಕೆಂಪು ಚುಕ್ಕೆಗಳು ಅವೇ.

ಸಂಜೆವರೆಗೆ ನಲವತ್ತು ಸಾಲು. ಸಿಗಲಿಲ್ಲ. ನೀರು ಕುಡಿಯಲು ಬದುವಿನ ಮೇಲೆ ಕೂತಾಗ ಕಾಕಾ ಹೇಳಿದರು: "ನಾಳಿಂದ ಕಬ್ಬ ಕಡ್ಯಾಕ ಗ್ಯಾಂಗ್ ಬರತೈತಿ. ಕಡಿದ ಮ್ಯಾಲ ತಾನ ಸಿಗತೈತಿ ಬಿಡೋ."

ನನಗೆ ಸಮಾಧಾನವೇ ಆಯಿತು. ಮನೆಗೆ ಹೋಗಿ ನಿದ್ದೆ ಮಾಡಿದೆ. ಕುಡುಗೋಲು ಹಿಡಿದು ಕಡಿಯುವವರ ಕಾಲ ಕೆಳಗೆ ಏನು ಬಿಟ್ಟು ಬಂದಿದ್ದೇನೆ ಅಂತ ಯೋಚನೆ ಬರಲಿಲ್ಲ.

9/10

ಭಾನುವಾರ ಮಧ್ಯಾಹ್ನ ಹೋದಾಗ ತೋಟದ ಒಂದು ಮೂಲೆ ಆಗಲೇ ಬಯಲಾಗಿತ್ತು. ಮಹಾರಾಷ್ಟ್ರದ ಬೀಡ್ ಕಡೆಯ ಗ್ಯಾಂಗು. ಗಂಡ ಹೆಂಡತಿ ಇಬ್ಬರೂ ಕಡೀತಿದ್ದರು, ಸಣ್ಣ ಮಕ್ಕಳು ಜೋಪಡಿಗಳ ಹತ್ತಿರ ಆಡ್ತಿದ್ದರು. ಎಂಟು-ಒಂಬತ್ತು ವರ್ಷದ ಒಬ್ಬ ಹುಡುಗನ ಕೈಯಲ್ಲಿ ನನ್ನ ಗ್ಲೈಡರಿನ ಬಾಲ.

ಅವನಿಗೆ ಕನ್ನಡ ಬರ್ತಿರಲಿಲ್ಲ, ನನಗೆ ಮರಾಠಿ ಅರ್ಧಂಬರ್ಧ. ವಿಮಾನ ಅನ್ನೋ ಶಬ್ದ ಇಬ್ಬರಿಗೂ ಒಂದೇ. ಹೆದರಿ ಬಾಲವನ್ನು ಹಿಂದೆ ಮುಚ್ಚಿಟ್ಟುಕೊಂಡ. ಬೈಯೋದಿಲ್ಲ ಅಂತ ಕೈಸನ್ನೆ ಮಾಡಿದ ಮೇಲೆ ಜೋಪಡಿಯೊಳಗೆ ಕರೆದುಕೊಂಡು ಹೋದ. ರೆಕ್ಕೆ ಅಲ್ಲಿತ್ತು, ನಡುವೆ ಮುರಿದಿತ್ತು.

ಬ್ಯಾಟರಿ ಎಲ್ಲಿ ಅಂತ ಕೇಳಲು ಹೊರಟವನು ನಾನೇ ನೋಡಿದೆ. ಒಲೆಯ ಪಕ್ಕದ ಕಂಬದ ಮೊಳೆಗೆ ಅದರ ವಯರಿನಿಂದ ನೇತು ಹಾಕಿದ್ದರು. ಒಂದು ಮೂಲೆ ಜಜ್ಜಿಹೋಗಿತ್ತು. ಮಧ್ಯ ಉಬ್ಬಿತ್ತು. ಒಲೆಯಲ್ಲಿ ಕೆಂಡ. ಕೆಳಗೆ ಹಾಸಿದ್ದು ರವದಿ, ಮೇಲೆ ಹೊದಿಸಿದ್ದೂ ರವದಿ. ಒಳಗೆ ಸೀರೆಯ ಜೋಳಿಗೆಯಲ್ಲಿ ಒಂದು ಕೂಸು ಮಲಗಿತ್ತು.

ಟಾರ್ಚಿಗೆ ಬರ್ತದೆ ಅಂತ ಇಟ್ಟಿದ್ದರಂತೆ. ಅವರ ತಪ್ಪೇನಿಲ್ಲ. ಯಾರಾದರೂ ಹಂಗೇ ಅಂದುಕೊಳ್ತಾರೆ. ಜಜ್ಜಿದ ಲಿಪೊದ ಒಳಗೆ ಪದರ ಹರಿದು ಎರಡು ತುದಿ ಕೂಡಿದರೆ ತಾನೇ ಕಾದು ಹೊತ್ತಿಕೊಳ್ತದೆ, ಹೊರಗಿನಿಂದ ಬೆಂಕಿ ಬೇಕಾಗಿಲ್ಲ ಅಂತ ಅವರಿಗೆ ಯಾರು ಹೇಳಬೇಕಿತ್ತು? ನಾನು. ಶುಕ್ರವಾರವೇ.

ಅದನ್ನು ಮೆಲ್ಲಗೆ ಮೊಳೆಯಿಂದ ತೆಗೆದು, ಮೈಗೆ ತಾಗಿಸದೆ, ಹೊರಗೆ ಒಯ್ದು ಬಯಲಿನಲ್ಲಿ ಇಟ್ಟೆ. ಕೈ ನಡುಗ್ತಿತ್ತು. ಕಾಕಾ ಒಂದು ಹಳೇ ಮಣ್ಣಿನ ಗಡಿಗೆ ಕೊಟ್ಟರು. ಒಳಗೆ ಉಸುಕು ಹಾಕಿ ಅದರ ನಡುವೆ ಇಟ್ಟೆವು. ಹುಡುಗನ ಅವ್ವ ಕುಡುಗೋಲು ಹಿಡಿದುಕೊಂಡೇ ಬಂದು ನಿಂತಿದ್ದಳು. ಏನಾಯಿತು ಅಂತ ಕಾಕಾ ಮರಾಠಿಯಲ್ಲಿ ಹೇಳಿದರು. ಆಕೆ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು.

ಆ ನೋಟದ ಫೋಟೋ ಇಲ್ಲ. ತೆಗೆಯೋ ಮನಸ್ಸೂ ಆಗಲಿಲ್ಲ.

10/10

ಎರಡು ದಿನ ನಾನು ನನ್ನ ವಸ್ತು ಹುಡುಕ್ತಿದ್ದೆ ಅಂದುಕೊಂಡಿದ್ದೆ. ಹುಡುಕಬೇಕಿದ್ದದ್ದು ಬೇರೆಯವರ ತೋಟದಲ್ಲಿ ನಾನು ಬಿಟ್ಟ ಬೆಂಕಿಯನ್ನು. ಗ್ಲೈಡರ್ ಸಿಗದಿದ್ದರೆ ನನಗೆ ದುಡ್ಡು ಹೋಗ್ತಿತ್ತು, ಅಷ್ಟೇ.

2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ದೊಡ್ಡ ಬಲೂನು ಬಿದ್ದ ಸುದ್ದಿ ನೆನಪಿದೆಯಾ? ಅದು ಹೈದರಾಬಾದಿನಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಬಿಟ್ಟ ಸಂಶೋಧನೆಯ ಬಲೂನು. ಅದರ ಜೊತೆ ಒಂದು ಪತ್ರ ಇತ್ತು, ಇದು ಯಾರದು, ಏನು ಅಂತ. ಮೇಲಿಂದ ಏನಾದರೂ ಬೀಳಿಸುವವರು ಕೆಳಗಿನವರಿಗೆ ಇಷ್ಟಾದರೂ ಹೇಳಬೇಕು. ನನ್ನ ಗ್ಲೈಡರಿನ ಮೇಲೆ ಏನು ಬರೆದಿತ್ತು ಗೊತ್ತಾ? ಇಂಗ್ಲಿಷಿನಲ್ಲಿ ನನ್ನ ಇನ್‌ಸ್ಟಾ ಐಡಿ.

ಈಗ ನಾನು ಮಾಡೋದು ಇಷ್ಟು:

✅ ರೆಕ್ಕೆ ಮೇಲೂ ಬ್ಯಾಟರಿ ಮೇಲೂ ಫೋನ್ ನಂಬರ್. ಕನ್ನಡದಲ್ಲೂ ಮರಾಠಿಯಲ್ಲೂ "ಬ್ಯಾಟರಿ ಮುಟ್ಟಬೇಡಿ, ಫೋನ್ ಮಾಡಿ". ಓದಲು ಬಾರದವರಿಗೆ ಬೆಂಕಿಯ ಚಿತ್ರ.

✅ ತನ್ನದೇ ಸಣ್ಣ ಸೆಲ್ಲು ಇರುವ ಬೀಪರ್. ದೊಡ್ಡ ಬ್ಯಾಟರಿ ಕಳಚಿದರೂ ಅದು ಕೂಗ್ತದೆ.

✅ ಬ್ಯಾಟರಿ ಹೊರಗೆ ಹಾರದಂತೆ ಅಡ್ಡ ಪಟ್ಟಿ. ಬರೀ ವೆಲ್ಕ್ರೊ ಸಾಲದು.

✅ ಚಾರ್ಜ್ ಮಾಡಿದ್ದು, ಹಾರಿಸಿದ್ದು, ಇಳಿದಾಗ ಉಳಿದ ವೋಲ್ಟ್, ಎಲ್ಲಾ ನೋಟ್‌ಬುಕ್ಕಿನಲ್ಲಿ.

✅ ಕಣ್ಣಿಗೆ ಕಾಣುವಷ್ಟು ದೂರ, ಕಾಣುವಷ್ಟು ಎತ್ತರ ಮಾತ್ರ. 2021ರ ಡ್ರೋನ್ ನಿಯಮಗಳಲ್ಲಿ ಹವ್ಯಾಸದ ಮಾಡೆಲ್ ವಿಮಾನ ಅಂದ್ರೆ ಕಣ್ಣಳತೆಯೊಳಗೆ ಹಾರಿಸುವಂಥದ್ದು ಅಂತಲೇ ಹೇಳಿದೆ. ಹೊಸ ಜಾಗಕ್ಕೆ ಹೋಗೋ ಮೊದಲು ಡಿಜಿಟಲ್ ಸ್ಕೈ ನಕ್ಷೆಯನ್ನೂ ನೋಡ್ರಿ.

✅ ಬಿದ್ದರೆ ಮೊದಲು ತೋಟದವರಿಗೆ ಹೇಳೋದು: "ವಿಮಾನ ಬಿದ್ದೈತ್ರಿ, ಅದರಾಗ ಬೆಂಕಿ ಹತ್ತೋ ಬ್ಯಾಟರಿ ಐತ್ರಿ." ಬೈದರೆ ಬೈಸಿಕೊಳ್ಳೋದು.

ಆ ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಲಿಲ್ಲ. ಬಯಲಿನಲ್ಲೇ ಇಟ್ಟು, ಗಾಡಿಯ 12 ವೋಲ್ಟಿನ ಬಲ್ಬು ಹಚ್ಚಿ ಖಾಲಿ ಮಾಡಿ, ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಟ್ಟೆ. ಕಸದ ಗಾಡಿಗೆ ಹಾಕಬೇಡ್ರಿ. ಅಲ್ಲಿ ಕಸ ಆರಿಸೋರೂ ಮನುಷ್ಯರೇ.

ಮರುದಿನ ಸಂಜೆ ಥರ್ಮೋಕೋಲ್ ಹಾಳೆ ಕತ್ತರಿಸಿ ಕೈಯಿಂದ ಎಸೆಯೋ ಒಂದು ಗ್ಲೈಡರ್ ಮಾಡಿ ಒಯ್ದೆ. ಮೋಟಾರಿಲ್ಲ, ಬ್ಯಾಟರಿ ಇಲ್ಲ, ಮೂತಿಗೆ ಒಂದು ಬೋಲ್ಟು ಅಷ್ಟೇ. ಕಡಿದು ಬಯಲಾದ ಹೊಲದಲ್ಲಿ ಆ ಹುಡುಗ ಅದನ್ನು ಎಸೆದು ಎಸೆದು, ಓಡಿ ಓಡಿ ತಂದ. ನಾಲ್ಕು ದಿನಕ್ಕೆ ಗ್ಯಾಂಗು ಬೇರೆ ತೋಟಕ್ಕೆ ಹೋಯಿತು. ಕೊನೆಯ ಫೋಟೋದಾಗ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ಪಕ್ಕ ಅವನ ಬೆನ್ನು ಕಾಣ್ತದ ನೋಡ್ರಿ. ಕೈಯಲ್ಲಿ ಬೆಳ್ಳಗೆ ಇರೋದು ಅದೇ.

ಈಗ ನೀವು ಹೇಳ್ರಿ. ನಿಮ್ಮ ಮಾಡೆಲ್ ಮ್ಯಾಲ ಫೋನ್ ನಂಬರ್ ಐತೇನು? ಇಲ್ಲಂದ್ರ ಇವತ್ತೇ ಬರೀರಿ, ಬರೆದು ಕಾಮೆಂಟಿನಾಗ "ಬರೆದೆ" ಅಂತ ಹಾಕ್ರಿ. ಹಾರಿಸುವ ಗೆಳೆಯರಿಗೆ ಕಳಿಸ್ರಿ.